ಗುರುವಾರದ ಸುಗ್ಗಿ

ಹೋದ ತಿಂಗಳು ಮುಳಬಾಗಿಲಿನಿಂದ ಹೊರಟು ಕೋಲಾರದಲ್ಲಿ ಬಸ್ಸು ಬದಲಿಸಿದೆ. ಹುತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿ ಪರಿಚಯದವರ ಮಗುವಿಗೆ ದೀಕ್ಷಾಸ್ನಾನವಿತ್ತು. ಕಿಟಕಿ ಪಕ್ಕ ಕೂತು ಅರೆನಿದ್ದೆಯಲ್ಲಿದ್ದಾಗ ಯಾರೋ ಹೆಂಗಸು ಸೊಪ್ಪಿನ ಹೊರೆಯೊಂದನ್ನು ತಂದು ನನ್ನ ಕಾಲ ಬಳಿ ತುರುಕಿದಳು. "ಇದೇನಮ್ಮ, ಬಸ್ಸಾ, ಇಲ್ಲ ಎತ್ತಿನ ಗಾಡೀನಾ?" ಎಂದು ಕಂಡಕ್ಟರ್ ಗೊಣಗಿದ. ಒದ್ದೆ ಗೋಣಿಯೊಳಗಿನಿಂದ ಹಿಪ್ಪುನೇರಳೆಯ ಹಸಿ ವಾಸನೆ ಎದ್ದಿತು. ಆಕೆಯ ಸೀರೆಯ ಅಂಚಿನಿಂದ ಬ್ಲೀಚಿಂಗ್ ಪೌಡರಿನ ಘಾಟು ಬಂತು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಬಸ್ಸು ಕಾಣುತ್ತದೆ, ಮುಚ್ಚಿದರೆ ಹಿಂದೆ ನನ್ನ ನೆರೆಯವಳಾಗಿದ್ದ ರತ್ನಮ್ಮ ರೇಷ್ಮೆ ಸಾಕುತ್ತಿದ್ದ ಹುಳುಮನೆ.

ಆ ಕಡೆಯ ಇನ್ನೊಂದು ಊರಿನಲ್ಲಿ ನಾವು ಒಂದೇ ಒಂದು ವರ್ಷ ಇದ್ದೆವು. ನಮ್ಮವರು ಸಭಾಪಾಲಕರು. ಅಲ್ಲಿನ ಪುಟ್ಟ ಸಭೆಗೆ ಅವರನ್ನು ಹಾಕಿದ್ದರು. ಊರಿನ ತುದಿಯಲ್ಲಿ ಚರ್ಚು, ಅದರ ಬೆನ್ನಿಗೆ ನಮ್ಮ ಮನೆ, ಬೇಲಿಯ ಆಚೆ ರತ್ನಮ್ಮನ ಮನೆ. ಊರಿನವರ ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅವರಿಗೆ ನಮ್ಮವರು ಅಯ್ಯನೋರು, ನಾನು ಅಮ್ಮನೋರು. ನಾನೋ ಮಾಲೂರಿನ ಹೆಂಚಿನ ಕಾರ್ಖಾನೆಗಳ ಮಧ್ಯೆ ಬೆಳೆದವಳು, ಸಗಣಿಗೂ ಮೂಗು ಮುಚ್ಚುತ್ತಿದ್ದವಳು. ಅಯ್ಯನೋರ ಹೆಂಡತಿಯೆಂದರೆ ಎಲ್ಲರಿಗೂ ಕೊಡಬೇಕು, ಯಾರಿಂದಲೂ ತೆಗೆದುಕೊಳ್ಳಬಾರದು ಎಂದು ತಲೆಯಲ್ಲಿ ತುಂಬಿಕೊಂಡು ಹೋಗಿದ್ದೆ.

ರತ್ನಮ್ಮ ಅದನ್ನು ಮೊದಲ ವಾರದಲ್ಲೇ ಬಿಡಿಸಿದಳು. ಅವರು ವೆಂಕಟರಮಣನ ಒಕ್ಕಲು, ಚರ್ಚಿಗೂ ಅವಳಿಗೂ ಸಂಬಂಧವಿಲ್ಲ. ಆದರೂ ಬೇಲಿಯ ಮೇಲಿನಿಂದ ಒಂದು ಚೊಂಬು ಹಾಲು ಚಾಚಿದಳು. ನಾನು ಬೇಡವೆಂದೆ. "ಬೇಡ ಅಂದ್ರೆ ಹಸುಗೆ ವಾಪಸ್ ಹಾಕಕ್ಕಾಗ್ತದಾ? ಹಿಡೀರಿ," ಎಂದಳು. ಹಿಡಿದೆ. ಚೊಂಬನ್ನು ಬರಿದಾಗಿ ಕೊಡಬಾರದೆಂದು ಸ್ವಲ್ಪ ಸಕ್ಕರೆ ಹಾಕಿ ಹಿಂದಿರುಗಿಸಿದೆ. ಮರುದಿನ ಅದೇ ಚೊಂಬು ಹುರುಳಿಕಾಳಿನ ಸಾರು ಹೊತ್ತು ಬಂತು. ಹೀಗೆ ಆ ಚೊಂಬು ವರ್ಷವಿಡೀ ಬೇಲಿ ದಾಟುತ್ತಲೇ ಇತ್ತು. ನನಗೆ ಜ್ವರ ಬಂದು ಮಲಗಿದ್ದ ವಾರ ಅದು ದಿನಕ್ಕೆರಡು ಸಲ ಬಂತು. ನಾನು ಏನೂ ಹಾಕದೆ ಕೊಟ್ಟರೂ ಅವಳು ಚೊಂಬಿನೊಳಗೆ ಇಣುಕಿ ನೋಡಲಿಲ್ಲ.

ಅವಳ ಗಂಡ ನಾರಾಯಣಪ್ಪ ಲಕ್ಕೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ. ಕಂಪನಿ ವ್ಯಾನಿನಲ್ಲಿ ಹೋಗಿ, ಕಂಪನಿ ವ್ಯಾನಿನಲ್ಲಿ ಬಂದು, ಹಗಲೆಲ್ಲ ಮಲಗುವ ಮನುಷ್ಯ. ತೋಟ, ಹಸು, ಹುಳು ಎಲ್ಲವೂ ರತ್ನಮ್ಮನದೇ. ಅದರಲ್ಲೂ ರೇಷ್ಮೆಹುಳು ಅವಳ ಪ್ರಾಣ. ಹುಳುಮನೆಗೆ ಕಾಲಿಡಬೇಕಾದರೆ ತಲೆಗೆ ಹೂ ಇರಬಾರದು, ಪೌಡರು ಹಚ್ಚಿರಬಾರದು, ಈರುಳ್ಳಿ ಹುರಿದ ಕೈಯಲ್ಲಿ ಬರಬಾರದು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು. ಇಷ್ಟೆಲ್ಲ ಆದಮೇಲೆ ಒಳಗೆ ಒಂದು ತಂಪಾದ ಅರೆಗತ್ತಲು. ತಟ್ಟೆಗಳ ಮೇಲೆ ತಟ್ಟೆ, ಅವುಗಳಲ್ಲಿ ಬೆಳ್ಳನೆಯ ಹುಳು. ಹುಳು ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲ್ಲಾಡದೆ ನಿಂತಿರುತ್ತದೆ. ಪ್ರಾರ್ಥನೆಯಲ್ಲಿ ನಮ್ಮ ಸಭೆಯವರು ಅಷ್ಟು ಅಲುಗಾಡದೆ ಕೂತಿದ್ದನ್ನು ನಾನು ನೋಡಿಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಮಾತ್ರ ಹಸಿವೋ ಹಸಿವು. ಆಗ ಅವು ತಿನ್ನುವ ಸದ್ದು ಹೆಂಚಿನ ಮೇಲೆ ಬೀಳುವ ತುಂತುರು ಮಳೆಯ ಹಾಗಿರುತ್ತದೆ. ನಾನು ಮಧ್ಯಾಹ್ನದ ಕೆಲಸ ಮುಗಿಸಿ ಅಲ್ಲಿ ಹೋಗಿ ಸುಮ್ಮನೆ ಕೂರುತ್ತಿದ್ದೆ. ಅಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ರತ್ನಮ್ಮನೂ ಮಾತಾಡುತ್ತಿರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ಕೂತದ್ದು ಬೇರೆಲ್ಲೂ ಇಲ್ಲ.

ಚರ್ಚಿನ ಪಕ್ಕದಲ್ಲಿ ನಮ್ಮದೂ ಒಂದು ಹಿಪ್ಪುನೇರಳೆ ತೋಟವಿತ್ತು. ದೇವರ ಹೊಲ ಎಂದು ಅದರ ಹೆಸರು. ದಸರಾ ಕಳೆದ ಮೇಲೆ ನವೆಂಬರಿನಲ್ಲಿ ಬರುವ ನಮ್ಮ ಸಭೆಯ ಸುಗ್ಗಿ ಹಬ್ಬದ ಭಾನುವಾರದವರೆಗೆ ಅದರಲ್ಲಿ ಒಂದೆಲೆಯನ್ನೂ ಕೀಳುವಂತಿಲ್ಲ. ಆ ಭಾನುವಾರ ಸೊಪ್ಪನ್ನು ಕೊಯ್ದು, ರಾಗಿ ತೆನೆ, ಕುಂಬಳಕಾಯಿ, ಕೋಳಿ, ಮೊಟ್ಟೆಗಳ ಜೊತೆಗೆ ಬಲಿಪೀಠದ ಮುಂದಿಟ್ಟು ಸ್ತೋತ್ರ ಹೇಳಿ, ಆಮೇಲೆ ಹರಾಜು ಹಾಕುವರು. ಇದನ್ನು ಕಾಯುತ್ತಿದ್ದವರು ಸಭೆಯ ಹಿರಿಯರಾದ ಸಮುವೇಲಪ್ಪ. ಕಡ್ಡಿಯಂಥ ಆಳು, ಕಬ್ಬಿಣದಂಥ ಮಾತು. ಹೊಲದ ಬೇಲಿಯೊಳಗೆ ಮೇಕೆಯೊಂದು ಮೂತಿ ತೂರಿಸಿದ್ದಕ್ಕೆ ಅದರ ಒಡೆಯನನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಬೈದವರು. "ಪ್ರಥಮ ಫಲ ಕರ್ತನ್ದು. ಅದ್ರಲ್ಲಿ ಮೇಕೆ ಪಾಲು ಎಲ್ಲಿಂದ ಬಂತು?" ಎಂದು ಕೇಳಿದ್ದರು.

ನವೆಂಬರು ಬಂತು. ಬೆಳಿಗ್ಗೆ ಮಂಜು ಎಷ್ಟು ದಟ್ಟವೆಂದರೆ ರತ್ನಮ್ಮನ ಹಸು ಕೂಗಿದರೆ ಸದ್ದು ಮಾತ್ರ ಬೇಲಿ ದಾಟಿ ಬರುತ್ತಿತ್ತು. ರಾಗಿ ತೆನೆ ಕಂದು ತಿರುಗಿತ್ತು, ಅವರೆಕಾಯಿಯ ಸೊಗಡು ಕೈಯಲ್ಲಿ ಮೆತ್ತಿಕೊಂಡು ಸೋಪಿಗೂ ಬಿಡುತ್ತಿರಲಿಲ್ಲ. ಆ ಸಲದ ಹುಳು ರತ್ನಮ್ಮನಿಗೆ ಬರಿಯ ಬೆಳೆಯಾಗಿರಲಿಲ್ಲ. ಹಿಂದಿನ ಎರಡು ಬೆಳೆ ರೋಗ ಬಂದು ಹೋಗಿದ್ದವು. ನಾರಾಯಣಪ್ಪನಿಗೆ ಬೇಸರ ಹಿಡಿದಿತ್ತು. ಪಕ್ಕದ ಹೊಲದ ಟೊಮೇಟೊ ಬೆಳೆಗಾರ ಅವರ ಹಿಪ್ಪುನೇರಳೆ ತೋಟವನ್ನೂ ಗುತ್ತಿಗೆಗೆ ಕೇಳುತ್ತಿದ್ದ. "ಈ ಸಲ ಗೂಡು ಬಂದ್ರೆ ಸರಿ, ಇಲ್ಲಾಂದ್ರೆ ಸೋಮವಾರ ಟ್ರ್ಯಾಕ್ಟರ್ ಬತ್ತದೆ, ಕಡ್ಡಿ ಎಲ್ಲಾ ಕಿತ್ತಾಕ್ತೀನಿ," ಎಂದು ನಾರಾಯಣಪ್ಪ ನನ್ನೆದುರಿಗೇ ಹೇಳಿದ. ಕೆಟ್ಟವನಲ್ಲ, ದಣಿದವನು. ಆ ಕಡ್ಡಿಗಳನ್ನು ನೆಟ್ಟವಳು ರತ್ನಮ್ಮ.

ಹುಳು ನಾಲ್ಕನೆಯ ಜ್ವರದಿಂದ ಚೆನ್ನಾಗಿಯೇ ಎದ್ದವು. ಎರಡು ದಿನ ಮಳೆ ಸುರಿದ ಹಾಗೆ ತಿಂದವು. ಬುಧವಾರ ಮಧ್ಯಾಹ್ನ ನಾನು ಹೋದಾಗ ರತ್ನಮ್ಮ ಹುಳುಮನೆಯ ಹೊರಗೆ ಒಂದು ತಟ್ಟೆ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಳು. ತಟ್ಟೆಯಲ್ಲಿ ಒಂದಷ್ಟು ಹುಳು ಹಸಿರು ಕಕ್ಕಿಕೊಂಡು ಹೊರಳಾಡುತ್ತಿದ್ದವು.

"ಏನಾಯ್ತು ರತ್ನಮ್ಮ?"

"ಪಕ್ಕದ ಟೊಮೇಟೊಗೆ ಔಷ್ದಿ ಹೊಡ್ದವ್ರೆ ಅಮ್ಮನೋರೆ. ಗಾಳಿ ನಮ್ಮ ತೋಟದ ಕಡೀಕೆ ಬೀಸೈತೆ. ಸೊಪ್ಪು ವಾಸ್ನೆ ಬಂತು, ಅನುಮಾನ ಆಗಿ ನಾಕು ಹುಳಕ್ಕೆ ಹಾಕ್ನೋಡ್ದೆ."

"ಉಳಿದವಕ್ಕೆ?"

"ಹಾಕಿಲ್ಲ. ಬೆಳಿಗ್ಗೆಯಿಂದ ಉಪವಾಸ ಅವೆ."

ಊರಲ್ಲಿ ಎಲ್ಲರೂ ಒಂದೇ ವಾರ ಹುಳುವಿನ ಮರಿ ತಂದವರು. ಎಲ್ಲರ ಹುಳುಗಳೂ ಅದೇ ಹಸಿವಿನಲ್ಲಿದ್ದವು, ಯಾರ ತೋಟದಲ್ಲೂ ಮಿಗತೆ ಸೊಪ್ಪಿಲ್ಲ. ವಕ್ಕಲೇರಿಯ ತವರಿಗೆ ಫೋನು ಮಾಡಿದಳು, ಅಲ್ಲಿಯೂ ಅದೇ ಉತ್ತರ. ಅವಳು ನನ್ನನ್ನು ಏನೂ ಕೇಳಲಿಲ್ಲ. ಆದರೆ ಅವಳು ಕೂತ ಕಡೆಯಿಂದ ನೋಡಿದರೆ ಬೇಲಿಯ ಆಚೆ ದೇವರ ಹೊಲ ಔಷಧಿಯ ಗಾಳಿ ತಾಕದೆ ಎದೆಯುದ್ದ ಬೆಳೆದು ಹಸಿರಾಗಿ ತೂಗಾಡುತ್ತಿತ್ತು. ಅವಳು ಅತ್ತ ನೋಡದಿರಲು ಪಡುತ್ತಿದ್ದ ಪ್ರಯತ್ನ ನೋಡಿ ನಾನು ಮನೆಗೆ ಹೋಗಿ ನಮ್ಮವರಿಗೆ ಎಲ್ಲ ಹೇಳಿದೆ.

ಸಂಜೆ ನಮ್ಮವರು ಸಮುವೇಲಪ್ಪನವರನ್ನು ಕರೆಸಿದರು. ಕಾಫಿ ಕೊಟ್ಟು ನಾನೇ ವಿಷಯ ತೆಗೆದೆ. ಅವರು ಲೋಟ ಕೆಳಗಿಟ್ಟರು.

"ಅಮ್ಮನೋರೆ, ನಮ್ಮಪ್ಪ ಆ ಹೊಲ ಕೊಟ್ಟಿದ್ದು ಕರ್ತನಿಗೆ. ಭಾನುವಾರ ಬರ್ಲಿ. ಸ್ತೋತ್ರ ಆದ್ಮೇಲೆ ಅಷ್ಟೂ ಸೊಪ್ಪು ಆ ಹೆಣ್ಮಗಳಿಗೆ ಕೊಟ್ರೂ ನಾನು ಬ್ಯಾಡ ಅನ್ನಲ್ಲ. ಅದಕ್ಕೆ ಮುಂಚೆ ಒಂದೆಲೆ ಮುಟ್ಟಿದ್ರೂ ಅದು ಕಳ್ಳತನ."

"ಭಾನುವಾರಕ್ಕೆ ಹುಳುವೇ ಇರಲ್ಲ ಸಮುವೇಲಪ್ಪ," ಎಂದೆ.

ಅವರು ಎದ್ದು ಟವಲು ಕೊಡವಿ ಹೊರಟುಹೋದರು. ನಮ್ಮವರು ಸಭೆಯನ್ನು ಒಡೆಯಲು ಹೆದರುವವರು. "ದೇವರಿಗೆ ಬಿಡೋಣ," ಎಂದರು. ದೇವರಿಗೆ ಬಿಡುವುದೆಂದರೆ ನಾವು ಕೈಕಟ್ಟಿ ಕೂರುವುದೇ ಎಂದು ನಾನು ಜಗಳವಾಡಿದೆ. ಕೋಪ ಬಂದಿತ್ತು, ನಿಜವಾದ ಕೋಪ. ಬೇಲಿಯ ಮೇಲೆ ಬರಿಯ ಚೊಂಬು ಇಡುವುದಕ್ಕೂ ನನಗೆ ಮುಖವಿರಲಿಲ್ಲ.

ಮರುದಿನ, ಗುರುವಾರ, ಬೆಳಗಾಗುತ್ತಿದ್ದಂತೆ ಬಾಗಿಲು ಬಡಿದ ಸದ್ದು. ಮಂಜಿನಲ್ಲಿ ಸಮುವೇಲಪ್ಪ ನಿಂತಿದ್ದರು. ತಲೆಗೆ ಮಫ್ಲರು, ಕೈಯಲ್ಲಿ ಕುಡುಗೋಲು, ಮೈಮೇಲೆ ಮಾತ್ರ ಭಾನುವಾರದ ಇಸ್ತ್ರಿ ಅಂಗಿ.

"ಅಯ್ಯನೋರೆ, ಭಾನುವಾರ ನಾವು ಇಟ್ಕೊಂಡಿದ್ದು. ಹುಳಕ್ಕೆ ಭಾನುವಾರ ಗೊತ್ತಿಲ್ಲ. ಸುಗ್ಗಿ ಹಬ್ಬ ಇವತ್ತೇ ಮಾಡ್ಬುಡೋಣ. ಗಂಟೆ ಹೊಡೀಲಾ?"

ನಮ್ಮವರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದರು. ನಾನು ಆ ಮುದುಕನ ಮುಖ ನೋಡಿದೆ. ಕಣ್ಣು ಕೆಂಪಗಿದ್ದವು. ನಿಯಮವನ್ನೂ ಮುರಿಯದೆ, ಹೆಣ್ಣುಮಗಳನ್ನೂ ಕೈಬಿಡದೆ ಹೇಗೆಂದು ಒದ್ದಾಡಿ ದಾರಿ ಹುಡುಕಿಕೊಂಡು ಬಂದಿದ್ದರು. ಹಿಂದಿನ ದಿನ ಅವರ ಮೇಲೆ ಬಂದ ಕೋಪವೆಲ್ಲ ಇಳಿದು ಅಳು ಬಂತು.

ಆದರೆ ಒಂದು ವಿಷಯ ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಊರಲ್ಲಿ ಭಾನುವಾರ, ಹಬ್ಬ ಬಿಟ್ಟು ಗಂಟೆ ಹೊಡೆಯುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಗಂಟೆ ಕೇಳಿದ್ದೇ ಹೊಲದಿಂದ, ಡೇರಿಯಿಂದ, ಒಲೆ ಮುಂದಿನಿಂದ ಜನ ಎದ್ದು ಓಡಿಬಂದರು. ಗಂಡಸರ ಹೆಗಲ ಮೇಲೆ ಟವಲು, ಹೆಂಗಸರ ತಲೆ ಮೇಲೆ ಸೆರಗು. ಇಬ್ಬರು ಹಾದಿಯಲ್ಲೇ ಚೆಂಡು ಹೂವು ಕೊಯ್ದುಕೊಂಡು ಬಂದಿದ್ದರು. ಸಭೆಯವರಲ್ಲದವರೂ ಬಂದರು, ಸಾವಿಗೆ ಯಾವ ಜಾತಿ? ಎಲ್ಲರಿಗಿಂತ ಹಿರಿಯಳಾದ ರೂತಮ್ಮಜ್ಜಿ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತು, "ಎವರು ಪೋಯ್ನಾರು?" ಎಂದು ತೆಲುಗಿನಲ್ಲಿ ಕೇಳಿದಳು. ಯಾರು ಹೋದರು ಅಂತ.

"ಯಾರೂ ಹೋಗಿಲ್ಲ. ಸುಗ್ಗಿ ಹಬ್ಬ," ಎಂದರು ಸಮುವೇಲಪ್ಪ.

"ನಿನಗೆ ತಲೆ ಕೆಟ್ಟೈತಾ? ನಾನು ನೀನೇ ಹೋದೆ ಅಂದ್ಕೊಂಡಿದ್ದೆ," ಎಂದಳು ಅಜ್ಜಿ. ಜನರೆಲ್ಲ ನಕ್ಕರು. ಸಾವಿಗೆಂದು ತಂದ ಚೆಂಡು ಹೂವನ್ನು ಬಲಿಪೀಠಕ್ಕೆ ಏರಿಸಿದರು. ಸಮುವೇಲಪ್ಪ ಕಾರಣ ಹೇಳಿದರು. ಗಂಡಸರು ದೇವರ ಹೊಲಕ್ಕಿಳಿದರು, ಹೆಂಗಸರು ಮನೆಗೆ ಓಡಿ ಕೈಗೆ ಸಿಕ್ಕಿದ್ದನ್ನು ತಂದರು. ರಾಗಿ, ಬದನೆಕಾಯಿ, ಅರ್ಧ ಹೆಣೆದ ಒಂದು ಪೊರಕೆ ಕೂಡ. ಮಂಜು ಚರ್ಚಿನೊಳಕ್ಕೂ ನುಗ್ಗಿತ್ತು. ಇಬ್ಬನಿ ಸುರಿಯುವ ಸೊಪ್ಪಿನ ಹೊರೆಗಳು ಒಂದರ ಹಿಂದೆ ಒಂದು ಒಳಗೆ ಬಂದಾಗ ಅವುಗಳನ್ನು ಹೊತ್ತವರ ಮುಖವೇ ಕಾಣುತ್ತಿರಲಿಲ್ಲ. ತೋಟವೇ ಎದ್ದು ನಡೆದು ಬಂದು ದೇವರ ಮುಂದೆ ಕೂತಂತೆ ನನಗೆ ಕಂಡಿತು. ನಮ್ಮವರ ಪ್ರಾರ್ಥನೆ ಅಷ್ಟು ಚಿಕ್ಕದಾಗಿದ್ದದ್ದು ಅದೇ ಮೊದಲು, ಅದೇ ಕೊನೆ.

ನಮ್ಮ ಹರಾಜಿನಲ್ಲಿ ಒಂದು ಪದ್ಧತಿಯಿದೆ. ಕೂಗಿ ಕೊಂಡವರು ಆ ವಸ್ತುವನ್ನು ಮನೆಗೆ ಒಯ್ಯಲೂಬಹುದು, "ವಾಪಸ್" ಎಂದು ದೇವರಿಗೇ ಹಿಂದಿರುಗಿಸಲೂಬಹುದು. ಮೊದಲ ಹೊರೆಯನ್ನು ರೂತಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ ಕೊಂಡಳು. ಅವಳ ಮನೆಯಲ್ಲಿ ಹುಳುವೂ ಇಲ್ಲ, ಮೇಕೆಯೂ ಇಲ್ಲ. "ವಾಪಸ್," ಎಂದಳು. ಎರಡನೆಯ ಹೊರೆ ಕೊಂಡವನೂ ವಾಪಸ್ ಎಂದ. ತಮ್ಮ ಮನೆಯ ಹುಳುವೂ ಹಸಿದಿದ್ದವರು ಕೊಂಡು, ಹೊರೆಯನ್ನು ಒಂದು ಗಳಿಗೆ ಮುಟ್ಟಿ ನೋಡಿ, ವಾಪಸ್ ಎಂದರು. ಹಸುವಿನ ಕೆಲಸ ಮುಗಿಸಿ ತಡವಾಗಿ ಬಂದು ಬಾಗಿಲ ಹೊರಗೆ ನಿಂತಿದ್ದ ರತ್ನಮ್ಮನಿಗೆ ಅಲ್ಲಿಯವರೆಗೆ ಏನಾಗುತ್ತಿದೆಯೆಂದು ತಿಳಿದಿರಲಿಲ್ಲ. ತಿಳಿದ ಕೂಡಲೇ ಅವಳ ಮುಖ ಬಿಗಿಯಿತು.

"ನಾನೇನು ಭಿಕ್ಷೆ ಕೇಳ್ಲಿಲ್ಲ. ನಾನೂ ಕೂಗ್ತೀನಿ, ಹರಾಜಲ್ಲಿ ತಗೋತೀನಿ."

"ಭಿಕ್ಷೆ ಅಲ್ಲಮ್ಮ," ಎಂದರು ಸಮುವೇಲಪ್ಪ. "ಇಷ್ಟು ವರ್ಷ ವಾಪಸ್ ಬಂದಿದ್ದನ್ನ ತಿರುಗಾ ಹರಾಜಿಗೇ ಇಡ್ತಿದ್ದೋ. ಇವತ್ತು ಕೂಗೋರು ಯಾರೂ ಉಳಿದಿಲ್ಲ. ನೀನು ಎತ್ಕೊಂಡು ಹೋಗ್ಲಿಲ್ಲಾ ಅಂದ್ರೆ ದೇವರ ಮುಂದೇನೇ ಒಣಗ್ತದೆ. ಆ ಪಾಪ ನಮ್ಮ ಮೇಲೆ ಯಾಕೆ ಹಾಕ್ತೀಯ?"

ಅವಳು ನನ್ನ ಕಡೆ ನೋಡಿದಳು. ನಾನು ಅವಳದೇ ಮಾತನ್ನು ಅವಳಿಗೆ ಹೇಳಿದೆ, "ಬೇಡ ಅಂದ್ರೆ ಗಿಡಕ್ಕೆ ವಾಪಸ್ ಅಂಟಿಸಕ್ಕಾಗ್ತದಾ? ಹಿಡಿ ರತ್ನಮ್ಮ." ಅವಳು ಸೆರಗಿನಿಂದ ಮೂಗೊರೆಸಿಕೊಂಡು ಒಂದು ಹೊರೆಗೆ ತಲೆಕೊಟ್ಟಳು. ಉಳಿದವನ್ನು ಉಳಿದವರು ಹೊತ್ತರು. ಸ್ವಲ್ಪ ಹೊತ್ತಿಗೆ ರತ್ನಮ್ಮ ಒಂದು ಮಂಕರಿ ಅವರೆಕಾಯಿ ತಂದು ಬಲಿಪೀಠದ ಮುಂದೆ ಸುರಿದು ಹೋದಳು. ಅದನ್ನು ಹರಾಜಿನಲ್ಲಿ ಕೊಳ್ಳಲು ನಮ್ಮಲ್ಲಿ ಜಗಳವೇ ಆಯಿತು.

ಅಂದು ಮಧ್ಯಾಹ್ನ ನಾನು ಹುಳುಮನೆಯಲ್ಲಿ ಕೂತಿದ್ದೆ. ಮೊದಲು ಏನೂ ಸದ್ದಿಲ್ಲ. ಹುಳು ಸೋತು ತಲೆ ಇಳಿಬಿಟ್ಟಿದ್ದವು. ರತ್ನಮ್ಮ ಎಲೆಯ ಇಬ್ಬನಿ ಆರಿಸಿ ತೆಳ್ಳಗೆ ಹರಡಿದಳು. ಒಂದು ಮೂಲೆಯಲ್ಲಿ ಸಣ್ಣಗೆ ಚರಚರ ಎಂದಿತು. ಆಮೇಲೆ ಪಕ್ಕದ ತಟ್ಟೆಯಲ್ಲಿ. ಆಮೇಲೆ ಮನೆ ತುಂಬ. ಹೊರಗೆ ಬಿಸಿಲಿತ್ತು, ಒಳಗೆ ಮಳೆ. ರತ್ನಮ್ಮ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋದಳು. ಅವಳನ್ನು ಎಬ್ಬಿಸದೆ ಮುಂದಿನ ಸೊಪ್ಪನ್ನು ನಾನೇ ಹಾಕಿದೆ. ದೇವರ ಹೊಲದ ಸೊಪ್ಪು ಶನಿವಾರ ಸಂಜೆಯವರೆಗೆ ಬಂತು.

ಈಗ ಭಾನುವಾರದ ಪೀಕಲಾಟ. ಸುಗ್ಗಿ ಹಬ್ಬದ ಪ್ರಸಂಗಕ್ಕೆಂದು ಕೋಲಾರದಿಂದ ನಮ್ಮ ಮೇಲಿನವರು, ಎಲ್ಲರೂ ದೊಡ್ಡಯ್ಯನೋರು ಎನ್ನುತ್ತಿದ್ದವರು, ಬರುವವರಿದ್ದರು. ಹಬ್ಬ ಮುಗಿದುಹೋಗಿದೆ ಎಂದು ಅವರಿಗೆ ಫೋನಿನಲ್ಲಿ ಹೇಳಲು ನಮ್ಮವರಿಗೆ ಧೈರ್ಯ ಬರಲಿಲ್ಲ. ಅವರು ಬಿಳಿಯ ನಿಲುವಂಗಿ ಹಾಕಿ, ಸೆಂಟು ಘಮಘಮಿಸುತ್ತ ಒಳಗೆ ಬಂದು ನೋಡಿದರೆ ಬಲಿಪೀಠದ ಮುಂದೆ ಒಂದು ಬದನೆಕಾಯಿಯೂ ಇಲ್ಲ. ನಮ್ಮವರ ಕಡೆ ತಿರುಗಿ ಹುಬ್ಬೇರಿಸಿದರು. ನಮ್ಮವರು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು.

ಎರಡನೆಯ ಹಾಡಿನ ಮಧ್ಯೆ ರತ್ನಮ್ಮ ಬಾಗಿಲಿಗೆ ಬಂದಳು. ಬರಿಗಾಲು, ಕೆದರಿದ ತಲೆ.

"ಅಮ್ಮನೋರೆ, ಹುಳು ಹಣ್ಣಾಗ್ಬುಟ್ಟವೆ. ಎಲ್ಲಾ ಒಂದೇ ಸಲ. ಅವ್ರು ಇನ್ನೂ ಪಾಳಿ ಮುಗ್ಸಿ ಬಂದಿಲ್ಲ. ನನ್ನೊಬ್ಬಳ ಕೈಲಿ ಆಗಲ್ಲ."

ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳು ಕಾಯುವುದಿಲ್ಲ. ಆಗಿಂದಾಗಲೇ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ಕಸದಲ್ಲೇ ನೂಲು ಸುರಿದು ಹಾಳಾಗುತ್ತವೆ. ಹಾಡು ನಿಂತಿತು. ಸಮುವೇಲಪ್ಪ ಎದ್ದರು.

"ದೊಡ್ಡಯ್ಯನೋರೆ, ನೀವು ಸುಗ್ಗಿಗೆ ಬಂದಿದ್ದು ತಾನೆ? ಸುಗ್ಗಿ ಅಲ್ಲೈತೆ. ಬನ್ನಿ."

ದೊಡ್ಡಯ್ಯನೋರು ಬಂದರು. ಹುಳುಮನೆಯ ಬಾಗಿಲಲ್ಲಿ ರತ್ನಮ್ಮ ಕೈ ಅಡ್ಡ ಹಿಡಿದಳು. "ಸ್ವಾಮಿ, ಸೆಂಟು ಹಾಕಿದ್ದೀರ. ಆ ಬಟ್ಟೆ ಬಿಚ್ಚಿಟ್ಟು, ಕತ್ತು ಕೈ ಸೋಪಾಕಿ ತೊಳ್ಕೊಂಡು ಬರ್ಬೇಕು." ಅವರು ನಿಲುವಂಗಿ ಕಳಚಿ ನನ್ನ ಕೈಗೆ ಕೊಟ್ಟು, ತೊಟ್ಟಿಯ ಕಡೆ ನಡೆದರು. ಬನಿಯನ್ನಿನಲ್ಲಿ ಅವರು ನಮ್ಮ ಚಿಕ್ಕಪ್ಪನ ಹಾಗೆಯೇ ಕಾಣುತ್ತಿದ್ದರು.

ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಜೇನುತುಪ್ಪದ ಬಣ್ಣ. ಅವು ಸೊಪ್ಪು ಬಿಟ್ಟು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಮಳೆಯ ಸದ್ದು ಪೂರ್ತಿ ನಿಂತಿತ್ತು. ಆ ಮೌನದಲ್ಲಿ ನಾವು ಅಷ್ಟೂ ಜನ ಬಾಗಿ, ಒಂದೊಂದೇ ಹುಳುವನ್ನು ಬೆರಳ ತುದಿಯಲ್ಲಿ ಎತ್ತಿ, ಚಂದ್ರಿಕೆಯ ಸುರುಳಿಗಳಲ್ಲಿ ಬಿಡುತ್ತಾ ಹೋದೆವು. ಯಾರೋ ನಿಂತುಹೋದ ಹಾಡನ್ನು ಮೂಗಿನಲ್ಲೇ ಮುಂದುವರಿಸಿದರು. ನನಗೆ ಆ ಬೆಳಗು ಈಗಲೂ ಕನಸಲ್ಲಿ ಬಂದರೆ ಹೀಗೆಯೇ ಬರುತ್ತದೆ, ಮಾತಿಲ್ಲದೆ, ಕೈಗಳು ಮಾತ್ರ ಚಲಿಸುತ್ತ.

ನಾರಾಯಣಪ್ಪ ವ್ಯಾನಿನಿಂದ ಇಳಿದು ಬಂದವನು ಬಾಗಿಲ ಮುಂದಿನ ಚಪ್ಪಲಿ ರಾಶಿ ನೋಡಿ ಹೆದರಿ ನಿಂತುಬಿಟ್ಟ. "ಏನಾಯ್ತೇ?" ಎಂದು ಹೊರಗಿಂದಲೇ ಕೇಳಿದ.

"ಹಣ್ಣಾಗವೆ. ಕಾಲು ತೊಳ್ಕೊಂಡು ಬಾ," ಎಂದಳು ರತ್ನಮ್ಮ.

ಅವನು ಬಂದ. ಒಂದು ಹುಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬನಿಯನ್ನಿನಲ್ಲಿದ್ದ ದೊಡ್ಡಯ್ಯನೋರನ್ನು ನೋಡಿದ, ಕೋಲು ಪಕ್ಕಕ್ಕಿಟ್ಟು ನೆಲದಲ್ಲಿ ಕೂತು ಹುಳು ಆರಿಸುತ್ತಿದ್ದ ರೂತಮ್ಮಜ್ಜಿಯನ್ನು ನೋಡಿದ. "ಚೆನ್ನಾಗಿ ಬಂದವೆ ಕಣೇ," ಎಂದು ಹುಳುವನ್ನು ಚಂದ್ರಿಕೆಗೆ ಬಿಟ್ಟು ಜಗಲಿಗೆ ಹೋದ. ಅವನು ಫೋನಿನಲ್ಲಿ ಆಡಿದ ಮಾತು ಒಳಗೆ ಎಲ್ಲರಿಗೂ ಕೇಳಿಸಿತು. "ಅಣ್ಣ, ನಾಳೆ ಟ್ರ್ಯಾಕ್ಟರ್ ಕಳಿಸ್ಬ್ಯಾಡಿ ಅಣ್ಣ. ಇಲ್ಲ, ಈ ವರ್ಷ ಅಂತಲ್ಲ, ತೋಟ ಕೊಡೋದೇ ಇಲ್ಲ." ರತ್ನಮ್ಮ ತಲೆ ಎತ್ತಲಿಲ್ಲ. ಎರಡೂ ಕೈ ತುಂಬ ಹುಳುವಿದ್ದುದರಿಂದ ಕಣ್ಣನ್ನು ತೋಳಿಗೆ ಒರೆಸಿಕೊಂಡಳು.

ಹೊತ್ತು ನೆತ್ತಿಗೆ ಬಂದಿತ್ತು. ಆರಾಧನೆ ಅರ್ಧಕ್ಕೇ ನಿಂತಿದೆ, ಆಶೀರ್ವಾದವನ್ನಾದರೂ ಹೇಳಿ ಮುಗಿಸಿಬಿಡಿ ಎಂದು ನಮ್ಮವರು ದೊಡ್ಡಯ್ಯನೋರ ಕಿವಿಯಲ್ಲಿ ಹೇಳಿದರು. ಎಲ್ಲರೂ ಇದ್ದಲ್ಲೇ ತಲೆ ಬಾಗಿಸಿದೆವು, ರತ್ನಮ್ಮನೂ, ನಾರಾಯಣಪ್ಪನೂ. ದೊಡ್ಡಯ್ಯನೋರು ಕೈ ಎತ್ತಲು ಹೋದರು. ಬೊಗಸೆ ತುಂಬ ಹುಳು. ಬೆರಳುಗಳ ಸಂದಿಯಲ್ಲಿ ಆಗಲೇ ನೂಲು ಹೊಳೆಯುತ್ತಿತ್ತು.

"ಮೊದ್ಲು ಅವನ್ನ ಬಿಡಿ ಸ್ವಾಮಿ," ಎಂದಳು ರತ್ನಮ್ಮ ಮೆಲ್ಲಗೆ.

ಅವರು ಬಗ್ಗಿ ಒಂದೊಂದನ್ನೇ ಚಂದ್ರಿಕೆಗೆ ಬಿಟ್ಟರು. ಅವಸರ ಮಾಡಲಿಲ್ಲ. ಕೊನೆಯದೂ ಹತ್ತಿಕೊಂಡಿತು. ನಾವು ತಲೆ ಬಾಗಿಸಿಕೊಂಡೇ ಕಾಯುತ್ತಿದ್ದೆವು. ಅವರು ಖಾಲಿ ಕೈಗಳನ್ನು ಮುಂದೆ ಚಾಚಿ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಎತ್ತದೆ ರತ್ನಮ್ಮನ ಕಡೆಗೆ ಒಡ್ಡಿದರು.

"ಇನ್ನೊಂದು ಹಿಡಿ ಹುಳು ಕೊಡಮ್ಮ," ಎಂದರು.